ಚೆಂಡು ಧುಮುಕುವುದು ನಿಜವೆ?
(ತಿರುಗುತ್ತ ಹಾರುವ ಚೆಂಡಿನ ಒಂದು ಲೆಕ್ಕಾಚಾರ)

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮೂರಾದ ಕಟ್ಟಾಯದಲ್ಲಿ ನಡೆದ ಒಂದು ವಾದವೇ ಈ ಲೇಖನಕ್ಕೆ ಮೂಲ. ಪಕ್ಕದ ಊರಿನವರೊಡನೆ ಕ್ರಿಕೆಟ್ ಪಂದ್ಯ ಏರ್ಪಟ್ಟಿತ್ತು. ನಾವು ಗೆಲ್ಲಲು ಇನ್ನು ಒಂಬತ್ತು ಓಟಗಳು ಬೇಕಾಗಿದ್ದವು. ಕೈಯಲ್ಲಿದ್ದ ವಿಕೆಟ್ಟುಗಳು ಎರಡೇ. ಎದುರು ಪಕ್ಷದ ಹುಡುಗನೊಬ್ಬನು ಚೆಂಡನ್ನು ಸ್ವಲ್ಪ ಮೇಲಕ್ಕೆ ತೇಲಿಸಿ ಬಿಟ್ಟನು. ಸುಲಭವಾಗಿ ಸಿಕ್ಕಿತೆಂದೇ ಎಣಿಸಿ ನಾನು ಕ್ರೀಸು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಬ್ಯಾಟು ಬೀಸಿದೆ. ಚೆಂಡಾದರೋ ನಾನು ಎಣಿಸಿದ ಜಾಗಕ್ಕಿಂತ ಮುಂಚೆಯೇ ನೆಲ ಮುಟ್ಟಿ, ಪುಟಿದು, ಬ್ಯಾಟಿಗೆ ತಪ್ಪಿಸಿಕೊಂಡು ವಿಕೆಟ್ ಕೀಪರನ ಕೈ ಸೇರಿತು. ನಾನು ಸ್ಟಂಪ್ ಆದೆನು. ಸ್ವಲ್ಪ ಹೊತ್ತಿನಲ್ಲಿಯೇ ನಾವು ಸೋತೆವು.

ಸಂಜೆ ಅರಳಿಕಟ್ಟೆಯ ಮೇಲೆ ವಿಚಾರಣೆ ನಡೆಯಿತು. "ನಂದೇನೂ ತಪ್ಪಿಲ್ಲ, ಚೆಂಡು ಕೊನೇಲಿ ಧುಮುಕಿಬಿಡ್ತು" ಎಂದು ನಾನು ಸಮಜಾಯಿಷಿ ಹೇಳಿದೆ. ಅಲ್ಲಿಯೇ ಕುಳಿತಿದ್ದ, ಹಿಂದೆ ನಮಗೆ ಗಣಿತ ಕಲಿಸಿ ಈಗ ನಿವೃತ್ತರಾಗಿರುವ ಮೇಷ್ಟ್ರು ನಕ್ಕರು. "ಧುಮುಕೋಕೆ ಅದೇನು ಕಪ್ಪೇನಪ್ಪಾ? ಕೈ ಬಿಟ್ಟ ಮೇಲೆ ಚೆಂಡಿಗೆ ಒಬ್ಬನೇ ಯಜಮಾನ, ಭೂಮಿ. ಎಸೆದ ಕಲ್ಲು ಹೇಗೆ ಬೀಳುತ್ತೋ ಹಾಗೇ ಅದೂ ಬೀಳುತ್ತೆ. ನಿನ್ನ ಕಣ್ಣು ಮೋಸ ಹೋಗಿದೆ" ಎಂದರು. ಕೂಡಿದ್ದವರೆಲ್ಲ ಮೇಷ್ಟರ ಪಕ್ಷವನ್ನೇ ಹಿಡಿದರು. ಸೋಲಿನ ಹೊರೆಯೆಲ್ಲ ನನ್ನ ತಲೆಯ ಮೇಲೆಯೇ ಬಿತ್ತು.

ಆ ರಾತ್ರಿ ಹಟ ಹುಟ್ಟಿತು. ಚೆಂಡು ಧುಮುಕುವುದು ನಿಜವೋ, ಕಣ್ಣಿನ ಭ್ರಮೆಯೋ ಎಂಬುದನ್ನು ಕಾಗದ, ಪೆನ್ಸಿಲುಗಳಿಂದ ತೀರ್ಮಾನಿಸಲು ಸಾಧ್ಯವಿಲ್ಲವೆ? ನಾನು ಕಲಾವಿಭಾಗದ ವಿದ್ಯಾರ್ಥಿ. ಹತ್ತನೆಯ ತರಗತಿಯ ವಿಜ್ಞಾನಕ್ಕಿಂತ ಮುಂದೆ ಹೋದವನಲ್ಲ. ಆದರೂ ಕೂಡುವುದು, ಕಳೆಯುವುದು, ಗುಣಿಸುವುದು ಇಷ್ಟನ್ನೇ ಬಲ್ಲವನು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬಲ್ಲನೆಂದು ತಿಳಿದಾಗ ನನಗಾದ ಸಂತೋಷವನ್ನು ಸಹಪಾಠಿಗಳೊಡನೆ ಹಂಚಿಕೊಳ್ಳಬೇಕೆನಿಸಿತು.

1. ಹಳೆಯದೊಂದು ವ್ಯಾಜ್ಯ

ನಮ್ಮ ಅರಳಿಕಟ್ಟೆಯ ಜಗಳ ಹೊಸದೇನೂ ಅಲ್ಲ. ಟೆನ್ನಿಸ್ ಚೆಂಡನ್ನು ಓರೆಯಾಗಿ ಹೊಡೆದಾಗ ಅದು ಬಾಗಿ ಹೋಗುವುದನ್ನು ನ್ಯೂಟನ್ನನು 1672ರ ಒಂದು ಪತ್ರದಲ್ಲಿಯೇ ಪ್ರಸ್ತಾಪಿಸಿದ್ದಾನೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬಾತನು ಬಂದೂಕದ ಗುಂಡುಗಳು ಗುರಿ ತಪ್ಪಿ ಪಕ್ಕಕ್ಕೆ ಸರಿಯುವುದೇಕೆಂದು ವಿಚಾರ ಮಾಡಿದನು. ಗುಂಡು ನಳಿಗೆಯಲ್ಲಿ ಉಜ್ಜಿಕೊಂಡು ತಿರುಗುತ್ತ ಹೊರಬೀಳುವುದರಿಂದ ಗಾಳಿ ಅದನ್ನು ಪಕ್ಕಕ್ಕೆ ನೂಕುತ್ತದೆಂಬುದು ಅವನ ಮತ. ಫಿರಂಗಿ ವಿದ್ಯೆಯ ಮೇಲೆ ಅವನು ಬರೆದ ಪ್ರಸಿದ್ಧ ಗ್ರಂಥ 1742ರಲ್ಲಿ ಹೊರಬಂದಿತು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆಂದು ನಮ್ಮ ದೇಶಕ್ಕೆ ಬಂದ ರಾಬಿನ್ಸನು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ರಾಬಿನ್ಸನ ಗ್ರಂಥವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದವನು ಗಣಿತಪ್ರಪಂಚದ ಮಹಾಪುರುಷನಾದ ಆಯ್ಲರ್. ಆದರೆ ತಿರುಗುವಿಕೆಯ ವಿಷಯದಲ್ಲಿ ಅವನು ರಾಬಿನ್ಸನನ್ನು ಒಪ್ಪಲಿಲ್ಲ. ಗುಂಡಿನ ಆಕಾರದಲ್ಲಿರುವ ಓರೆಕೋರೆಗಳೇ ಕಾರಣವೆಂದನು. ನಮ್ಮ ಮೇಷ್ಟರ ಜೊತೆಗೆ ಆಯ್ಲರನಂಥವನೇ ನಿಂತಿದ್ದನೆಂದ ಮೇಲೆ ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1852ರಲ್ಲಿ ಜರ್ಮನಿಯ ಗುಸ್ತಾವ್ ಮ್ಯಾಗ್ನಸ್ ಎಂಬ ವಿಜ್ಞಾನಿ ತಿರುಗುವ ಉರುಳೆಯ ಮೇಲೆ ಗಾಳಿ ಹಾಯಿಸಿ, ಅದು ಒಂದು ಪಕ್ಕಕ್ಕೆ ನೂಕಲ್ಪಡುವುದನ್ನು ಪ್ರಯೋಗದಿಂದ ತೋರಿಸಿದನು. ಆದುದರಿಂದ ಈ ಪರಿಣಾಮಕ್ಕೆ ಅವನ ಹೆಸರೇ ನಿಂತಿದೆ. 1877ರಲ್ಲಿ ರ‍್ಯಾಲೆ ಪ್ರಭುವು ಟೆನ್ನಿಸ್ ಚೆಂಡಿನ ಓರೆನಡೆಯನ್ನು ಕುರಿತು ಒಂದು ಪ್ರಬಂಧವನ್ನೇ ಬರೆದನು.

ಇಲ್ಲಿ ಒಂದು ಸ್ವಾರಸ್ಯವಿದೆ. ನಾವು ಮುಂದೆ ಮಾಡಲಿರುವ ಲೆಕ್ಕದ ಕ್ರಮವನ್ನು 1768ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದವನು ಇದೇ ಆಯ್ಲರ್. ಅವನು ಒಪ್ಪದೆ ಹೋದ ಸಂಗತಿಯನ್ನು ಅವನ ದಾರಿಯಿಂದಲೇ ಪರೀಕ್ಷಿಸೋಣ.

2. ಗಾಳಿ ಚೆಂಡನ್ನು ನೂಕುವ ಬಗೆ

ಹೇಮಾವತಿಯ ನೀರು ಬಂಡೆಯೊಂದನ್ನು ಬಳಸಿಕೊಂಡು ಹರಿಯುವುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಬಂಡೆಯ ಮುಂಭಾಗದಲ್ಲಿ ನೀರು ಎರಡಾಗಿ ಸೀಳಿ ಪಕ್ಕಗಳನ್ನು ಸವರಿಕೊಂಡು ಹೋಗುತ್ತದೆ. ಹಿಂಭಾಗಕ್ಕೆ ಬಂದಾಗ ಬಂಡೆಯನ್ನು ಬಿಟ್ಟು ಸುಳಿಸುಳಿಯಾಗಿ ಕದಡುತ್ತದೆ. ಹಾರುವ ಚೆಂಡಿನ ಸುತ್ತಲೂ ಗಾಳಿ ಹೀಗೆಯೇ ಹರಿಯುತ್ತದೆ. ಚೆಂಡಿನ ಮೈಗೆ ಅಂಟಿಕೊಂಡಂತೆ ಗಾಳಿಯ ಒಂದು ತೆಳುವಾದ ಪದರವಿರುತ್ತದೆ. ಇದರ ಮಹತ್ವವನ್ನು 1904ರಲ್ಲಿ ಎತ್ತಿ ಹೇಳಿದವನು ಪ್ರಾಂಟಲ್ ಎಂಬ ಜರ್ಮನ್ ವಿಜ್ಞಾನಿ. ಈ ಪದರ ಮೇಲ್ಮೈಯನ್ನು ಉಜ್ಜುವ ಬಲವನ್ನು ನೇರವಾಗಿ ಅಳೆದವರಲ್ಲಿ ಸತೀಶ ಧವನರೊಬ್ಬರು; ಅವರು 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮುಂದೆ ಅದರ ನಿರ್ದೇಶಕರೂ ಆದರು.

ಈಗ ಚೆಂಡು ಮುಂದಕ್ಕೆ ಹೋಗುತ್ತಲೇ ಗಾಡಿಯ ಚಕ್ರದಂತೆ ಮುಂದಕ್ಕೆ ಉರುಳುತ್ತಲೂ ಇದೆಯೆನ್ನಿ. ಆಟಗಾರರು ಇದನ್ನೇ ಟಾಪ್‌ಸ್ಪಿನ್ ಎನ್ನುತ್ತಾರೆ. ಚೆಂಡಿನ ಮೇಲೆ ಕುಳಿತ ಇರುವೆಗೆ ಗಾಳಿ ಎದುರಿನಿಂದ ಹಿಂದಕ್ಕೆ ಬೀಸುವಂತೆ ಕಾಣುತ್ತದಷ್ಟೆ. ಚೆಂಡಿನ ನೆತ್ತಿ ಈ ಗಾಳಿಗೆ ಎದುರಾಗಿ ಚಲಿಸುತ್ತದೆ; ಬುಡ ಗಾಳಿಯ ಜೊತೆಯಲ್ಲಿಯೇ ಚಲಿಸುತ್ತದೆ. ನೆತ್ತಿಯ ಕಡೆ ಪದರ ಬೇಗ ಸುಸ್ತಾಗಿ ಚೆಂಡನ್ನು ಬಿಡುತ್ತದೆ. ಬುಡದ ಕಡೆ ಚೆಂಡಿನ ಮೈಯೇ ಅದನ್ನು ಎಳೆದುಕೊಂಡು ಹೋಗುವುದರಿಂದ ಬಹಳ ಹೊತ್ತು ಅಂಟಿಕೊಂಡಿದ್ದು, ಹಿಂಭಾಗವನ್ನು ಸುತ್ತಿ ಮೇಲ್ಮುಖವಾಗಿ ಹೊರಬೀಳುತ್ತದೆ. ಒಟ್ಟಿನಲ್ಲಿ ಚೆಂಡಿನ ಹಿಂದಿನ ಗಾಳಿ ಮೇಲಕ್ಕೆ ತಿರುಗುತ್ತದೆ. ಚೆಂಡು ಗಾಳಿಯನ್ನು ಮೇಲಕ್ಕೆ ತಳ್ಳಿದರೆ ಗಾಳಿ ಚೆಂಡನ್ನು ಕೆಳಕ್ಕೆ ತಳ್ಳಲೇಬೇಕು. ಇದು ನ್ಯೂಟನ್ನನ ಮೂರನೆಯ ನಿಯಮ. ಚೆಂಡಿನ ಯಾವ ಪಕ್ಕವು ಎದುರುಗಾಳಿಯ ಜೊತೆಯಲ್ಲಿ ಓಡುವುದೋ ಆ ಪಕ್ಕಕ್ಕೆ ಚೆಂಡು ಸರಿಯುತ್ತದೆಂದು ನೆನಪಿಟ್ಟುಕೊಂಡರೆ ಸಾಕು.

ಈ ಮಾತನ್ನು ನಂಬದವರು ಕಾಸಿನ ಖರ್ಚಿಲ್ಲದೆ ಪರೀಕ್ಷಿಸಬಹುದು. ನೋಟುಪುಸ್ತಕದ ಒಂದು ಹಾಳೆಯನ್ನು ನಾಲ್ಕೈದು ಸೆಂಟಿಮೀಟರು ದಪ್ಪದ ಕೊಳವೆಯಾಗಿ ಸುತ್ತಿ ಅಂಟಿಸಿರಿ. ಮೇಜಿನ ಮೇಲೆ ಒಂದು ಹಲಗೆಯನ್ನು ಅಂಚಿನ ಕಡೆಗೆ ಇಳಿಜಾರಾಗಿಟ್ಟು ಕೊಳವೆಯನ್ನು ಉರುಳಬಿಡಿರಿ. ಅಂಚನ್ನು ದಾಟಿದ ಕೊಳವೆ ಮುಂದಕ್ಕೆ ಹೋಗಿ ಬೀಳುವುದಕ್ಕೆ ಬದಲಾಗಿ, ಬಾಗಿ ಮೇಜಿನ ಅಡಿಗೇ ನುಗ್ಗುತ್ತದೆ! ಅದೇ ಹಲಗೆಯಿಂದ ಲಟ್ಟಣಿಗೆಯನ್ನು ಉರುಳಿಸಿದರೆ ಅದು ಸಾಮಾನ್ಯ ರೀತಿಯಲ್ಲಿ ಮುಂದೆ ಬೀಳುತ್ತದೆ. ಗಾಳಿಯ ನೂಕು ಎರಡಕ್ಕೂ ಉಂಟು. ಆದರೆ ಲಟ್ಟಣಿಗೆಯ ಭಾರದ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಕ್ರಿಕೆಟ್ ಚೆಂಡು ಯಾವ ಜಾತಿಗೆ ಸೇರಿದ್ದು? ಕಾಗದದ ಕೊಳವೆಯ ಜಾತಿಗೋ, ಲಟ್ಟಣಿಗೆಯ ಜಾತಿಗೋ? ಇದನ್ನು ಅಂಕಿಗಳಲ್ಲದೆ ಬೇರೆ ಯಾವುದೂ ಹೇಳಲಾರದು.

3. ಲೆಕ್ಕಕ್ಕೆ ಬೇಕಾದ ಅಂಕಿಗಳು

ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಅಡ್ಡಳತೆ ಸುಮಾರು 7.2 ಸೆಂಟಿಮೀಟರು. ಎದುರಿನಿಂದ ನೋಡಿದರೆ ಅದು ಗಾಳಿಗೆ ಒಡ್ಡುವ ವೃತ್ತದ ವಿಸ್ತೀರ್ಣ 0.0041 ಚದರ ಮೀಟರು. ನಮ್ಮ ಹಾಸನದ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರು ಎತ್ತರದಲ್ಲಿದೆ. ಆದುದರಿಂದ ಇಲ್ಲಿಯ ಗಾಳಿ ಸ್ವಲ್ಪ ತೆಳು. ಬೆಚ್ಚನೆಯ ದಿನದಲ್ಲಿ ಒಂದು ಘನ ಮೀಟರು ಗಾಳಿ ಸುಮಾರು 1.06 ಕಿಲೋಗ್ರಾಂ ತೂಗುತ್ತದೆ.

ಗಾಳಿಯ ಬಲವನ್ನು ಕಂಡುಹಿಡಿಯುವ ಸೂತ್ರ ಸರಳವಾದದ್ದು. ಗಾಳಿಯ ಸಾಂದ್ರತೆ, ಚೆಂಡಿನ ವಿಸ್ತೀರ್ಣ, ವೇಗದ ವರ್ಗ ಇವುಗಳನ್ನು ಗುಣಿಸಿ, ಅರ್ಧಮಾಡಿ, ಒಂದು ಗುಣಾಂಕದಿಂದ ಗುಣಿಸಬೇಕು. ಚೆಂಡನ್ನು ಹಿಂದಕ್ಕೆ ತಡೆಯುವ ವಾಯುರೋಧಕ್ಕೆ ಈ ಗುಣಾಂಕ ಸುಮಾರು 0.45. ತಿರುಗುವಿಕೆಯಿಂದ ಬರುವ ಅಡ್ಡನೂಕಿಗೆ ಅದು ಚೆಂಡು ಎಷ್ಟು ಜೋರಾಗಿ ತಿರುಗುತ್ತದೆಂಬುದನ್ನು ಅವಲಂಬಿಸಿದೆ. ಸೆಕೆಂಡಿಗೆ 25 ಸುತ್ತು, ಎಂದರೆ ನಿಮಿಷಕ್ಕೆ 1500 ಸುತ್ತು, ತಿರುಗುವ ಚೆಂಡಿಗೆ ಅದನ್ನು 0.2 ಎಂದು ಇಟ್ಟುಕೊಳ್ಳೋಣ. ಇಂಥ ಗುಣಾಂಕಗಳನ್ನು ಊಹೆಯಿಂದ ಪಡೆಯಲಾಗದು. ಗಾಳಿಸುರಂಗಗಳಲ್ಲಿ ಚೆಂಡನ್ನಿಟ್ಟು ಅಳೆಯಬೇಕು.

ಚೆಂಡಿನ ರಾಶಿಯಿಂದ ಭಾಗಿಸಿ ಎಲ್ಲವನ್ನೂ ಒಟ್ಟುಗೂಡಿಸಿದರೆ ಎರಡು ಅಂಕಗಳು ಉಳಿಯುತ್ತವೆ: ತಡೆಯ ಅಂಕ 0.006, ಬಾಗಿನ ಅಂಕ 0.0027. ಇವನ್ನು ವೇಗದ ವರ್ಗದಿಂದ ಗುಣಿಸಿದರೆ ವೇಗೋತ್ಕರ್ಷ, ಎಂದರೆ ಒಂದು ಸೆಕೆಂಡಿನಲ್ಲಿ ವೇಗ ಎಷ್ಟು ಬದಲಾಗುವುದೆಂಬುದು, ಸಿಕ್ಕುತ್ತದೆ. ಚೆಂಡಿನ ವೇಗ ಸೆಕೆಂಡಿಗೆ 20 ಮೀಟರು, ಎಂದರೆ ಗಂಟೆಗೆ 72 ಕಿಲೋಮೀಟರು, ಆದರೆ ತಡೆಯಿಂದ 2.4, ಬಾಗಿನಿಂದ 1.08. ಭೂಮಿಯ ಸೆಳೆತ 9.8. ನೋಡಿರಿ, ತಿರುಗುವ ಚೆಂಡಿನ ಮೇಲೆ ಗಾಳಿಯ ಕೆಳನೂಕು ಅದರ ತೂಕದ ಒಂಬತ್ತನೆಯ ಒಂದು ಪಾಲು. ಕಾಗದದ ಕೊಳವೆಯಷ್ಟು ಹಗುರವಲ್ಲ, ಲಟ್ಟಣಿಗೆಯಂತೆ ನಿಶ್ಚಿಂತವೂ ಅಲ್ಲ. ಚೆಂಡು ಇವೆರಡರ ನಡುವೆ ನಿಂತಿದೆ.

4. ಹೆಜ್ಜೆ ಹೆಜ್ಜೆಯಾಗಿ

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಗಾಳಿಯ ಬಲ ವೇಗವನ್ನು ಅವಲಂಬಿಸಿದೆ. ವೇಗವಾದರೋ ಆ ಬಲದಿಂದಲೇ ಬದಲಾಗುತ್ತ ಹೋಗುತ್ತದೆ. ಗಾಳಿಯೇ ಇಲ್ಲದಿದ್ದರೆ ಪರವಲಯವೆಂಬ ಸುಂದರವಾದ ವಕ್ರರೇಖೆಯಿಂದ ಒಂದೇ ಸಲಕ್ಕೆ ಉತ್ತರ ಬರುತ್ತಿತ್ತು. ಗಾಳಿ ಇರುವುದರಿಂದ ಬರುವುದಿಲ್ಲ. ಆಯ್ಲರನ ಉಪಾಯ ಇದು: ಕಾಲವನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸು. ಒಂದು ತುಂಡಿನೊಳಗೆ ಬಲ ಬದಲಾಗುವುದಿಲ್ಲವೆಂದು ಭಾವಿಸು. ತುಂಡಿನ ಕೊನೆಯಲ್ಲಿ ಹೊಸ ವೇಗ, ಹೊಸ ಸ್ಥಾನಗಳನ್ನು ಬರೆದುಕೊ. ಅವುಗಳಿಂದ ಹೊಸ ಬಲವನ್ನು ಕಂಡುಕೊಂಡು ಮುಂದಿನ ತುಂಡಿಗೆ ಹೋಗು. 1150ರಲ್ಲಿ 'ಸಿದ್ಧಾಂತ ಶಿರೋಮಣಿ'ಯನ್ನು ಬರೆದ ಭಾಸ್ಕರಾಚಾರ್ಯರು ಗ್ರಹಗಳ ವಿಷಯದಲ್ಲಿ 'ತಾತ್ಕಾಲಿಕ ಗತಿ' ಎಂಬ ಮಾತನ್ನು ಬಳಸಿದ್ದಾರೆ. ಆಯಾ ಗಳಿಗೆಯ ಗತಿಯನ್ನು ಹಿಡಿದು ಮುಂದಿನ ಗಳಿಗೆಗೆ ಹೋಗುವುದೇ ನಮ್ಮ ಕೆಲಸ.

ಚೆಂಡು ಬೌಲರನ ಕೈಯನ್ನು 2.10 ಮೀಟರು ಎತ್ತರದಲ್ಲಿ ಬಿಡುತ್ತದೆನ್ನೋಣ. ಮುಂದಕ್ಕೆ ಅದರ ವೇಗ 20, ಮೇಲಕ್ಕೆ 1. ಮೊದಲ ಹೆಜ್ಜೆ ಸೆಕೆಂಡಿನ ಹತ್ತನೆಯ ಒಂದು ಭಾಗ. ಮೇಲ್ಮುಖ ವೇಗವನ್ನು ಕುಗ್ಗಿಸುವ ಬಲಗಳು ಮೂರು: ಭೂಮಿಯದು 9.8, ತಿರುಗುವಿಕೆಯದು 1.08, ವಾಯುರೋಧದ ಲಂಬಭಾಗ 0.12, ಒಟ್ಟು 11. ಹತ್ತನೆಯ ಒಂದು ಸೆಕೆಂಡಿನಲ್ಲಿ 1.1ರಷ್ಟು ಕುಗ್ಗಿದ ಮೇಲೆ, ಮೇಲಕ್ಕೆ 1 ಇದ್ದ ವೇಗ ಕೆಳಕ್ಕೆ 0.1 ಆಗುತ್ತದೆ. ಮೊದಲಿನದಕ್ಕೂ ಕೊನೆಯದಕ್ಕೂ ಸರಾಸರಿ ತೆಗೆದರೆ ಮೇಲಕ್ಕೆ 0.45; ಆದುದರಿಂದ ಚೆಂಡು 4.5 ಸೆಂಟಿಮೀಟರು ಏರಿ 2.145 ಮೀಟರಿನಲ್ಲಿದೆ. ಮುಂದಕ್ಕೆ ವೇಗ 20ರಿಂದ 19.77ಕ್ಕೆ ಇಳಿದಿದೆ, ಚೆಂಡು 1.99 ಮೀಟರು ಮುಂದೆ ಬಂದಿದೆ. ಒಂದು ಹೆಜ್ಜೆ ಮುಗಿಯಿತು! ಹೀಗೆಯೇ ಏಳು ಹೆಜ್ಜೆ ಇಟ್ಟರೆ ಚೆಂಡು ನೆಲದ ಹತ್ತಿರಕ್ಕೆ ಬರುತ್ತದೆ.

ಇದೇ ಲೆಕ್ಕವನ್ನು ತಿರುಗದ ಚೆಂಡಿಗೂ ಮಾಡಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟಿದ್ದೇನೆ. ಎತ್ತರಗಳು ಸೆಂಟಿಮೀಟರುಗಳಲ್ಲಿವೆ.

ಕಾಲ (ಸೆಕೆಂಡು) — ತಿರುಗದ ಚೆಂಡು — ತಿರುಗುವ ಚೆಂಡು — ಅಂತರ
0.1 — 215.0 — 214.5 — 0.5
0.2 — 210.2 — 208.1 — 2.1
0.3 — 195.6 — 190.9 — 4.7
0.4 — 171.4 — 163.1 — 8.3
0.5 — 137.7 — 124.8 — 12.9
0.6 — 94.6 — 76.2 — 18.4
0.7 — 42.2 — 17.4 — 24.8

ತಿರುಗದ ಚೆಂಡು ಕೈಬಿಟ್ಟ ಜಾಗದಿಂದ 14.7 ಮೀಟರು ದೂರದಲ್ಲಿ ನೆಲ ಮುಟ್ಟುತ್ತದೆ. ತಿರುಗುವ ಚೆಂಡು 13.9 ಮೀಟರಿನಲ್ಲಿಯೇ ಮುಟ್ಟುತ್ತದೆ. ಗಾಳಿಯೇ ಇಲ್ಲದ ಲೋಕದಲ್ಲಿ ಎರಡೂ 15.3 ಮೀಟರಿನವರೆಗೆ ಹೋಗುತ್ತಿದ್ದವು.

5. ಅಂಕಿಗಳು ಹೇಳುವುದೇನು?

ತಿರುಗಿದ ಚೆಂಡು 80 ಸೆಂಟಿಮೀಟರು ಮುಂಚಿತವಾಗಿ ಬೀಳುತ್ತದೆ. ನಿಯಮದ ಪ್ರಕಾರ ಬ್ಯಾಟಿನ ಪೂರ್ಣ ಉದ್ದವೇ 96.5 ಸೆಂಟಿಮೀಟರಿಗೆ ಮೀರುವಂತಿಲ್ಲ. ಹೀಗಿರುವಾಗ ಚೆಂಡು ಬೀಳುವ ಜಾಗಕ್ಕೆ ಬ್ಯಾಟನ್ನು ಒಯ್ಯಲು ಕ್ರೀಸು ಬಿಟ್ಟು ಬಂದವನಿಗೆ 80 ಸೆಂಟಿಮೀಟರು ಎಷ್ಟು ದೊಡ್ಡದೆಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ. ಭೂಮಿಯೊಂದೇ ಯಜಮಾನನೆಂದ ಮೇಷ್ಟರ ಮಾತು ಇಲ್ಲಿ ನಿಲ್ಲುವುದಿಲ್ಲ. ಗಾಳಿಯೂ ಒಬ್ಬ ಪಾಲುದಾರ.

ಆದರೆ ಗೆದ್ದೆನೆಂದು ಬೀಗುವ ಮುನ್ನ ಪಟ್ಟಿಯ ಕೊನೆಯ ಸಾಲನ್ನು ಮತ್ತೆ ನೋಡಿದೆ. 'ಕೊನೆಯಲ್ಲಿ ಧುಮುಕಿತು' ಎಂಬುದು ನನ್ನ ವಾದ. ಲೆಕ್ಕದಲ್ಲಿ ಕೊನೆಯಲ್ಲಿ ವಿಶೇಷವಾದದ್ದೇನೂ ನಡೆದಿಲ್ಲ. ಕೆಳನೂಕು ಮೊದಲ ಹೆಜ್ಜೆಯಲ್ಲಿ 1.08 ಇದ್ದದ್ದು ಕೊನೆಯ ವೇಳೆಗೆ 0.97ಕ್ಕೆ ಇಳಿದಿದೆ, ಏರಿಲ್ಲ! ಚೆಂಡು ಕೈಬಿಟ್ಟ ಗಳಿಗೆಯಿಂದ ನೆಲ ಮುಟ್ಟುವವರೆಗೆ ಗಾಳಿ ಅದನ್ನು ಹೆಚ್ಚುಕಡಿಮೆ ಒಂದೇ ಸಮನಾಗಿ ಕೆಳಕ್ಕೆ ಒತ್ತುತ್ತಿದೆ. ಹಾಗಿದ್ದರೆ ಧುಮುಕಿದಂತೆ ಕಂಡದ್ದೇಕೆ?

ಅಂತರದ ಸಾಲನ್ನು ಮೇಲಿನಿಂದ ಕೆಳಕ್ಕೆ ಓದಿರಿ. 0.3 ಸೆಕೆಂಡಿಗೆ 4.7, ಅದರ ಇಮ್ಮಡಿ ಕಾಲಕ್ಕೆ, 0.6 ಸೆಕೆಂಡಿಗೆ, 18.4. ಕಾಲ ಇಮ್ಮಡಿಯಾದರೆ ಅಂತರ ಹತ್ತಿರ ಹತ್ತಿರ ನಾಲ್ಮಡಿ. ಸಮನಾದ ಬಲದ ಸ್ವಭಾವವೇ ಇದು. ಅದರ ಫಲ ಕಾಲದ ವರ್ಗದಂತೆ ಬೆಳೆಯುತ್ತದೆ. ಚೆಂಡು ಆರು ಮೀಟರು ಬರುವವರೆಗೆ ತಿರುಗಿದ ಚೆಂಡಿಗೂ ತಿರುಗದ ಚೆಂಡಿಗೂ ಇರುವ ವ್ಯತ್ಯಾಸ ಚೆಂಡಿನ ಅಡ್ಡಳತೆಗಿಂತಲೂ ಕಡಿಮೆ. ಬ್ಯಾಟು ಹಿಡಿದವನು ಎದುರಿನಿಂದ ಅದನ್ನು ಗುರುತಿಸುವುದು ಬಹಳ ಕಷ್ಟ. ಅಷ್ಟರಲ್ಲಿ ಅವನ ಮನಸ್ಸು ಚೆಂಡು ಬೀಳುವ ಜಾಗವನ್ನು ಗೊತ್ತುಮಾಡಿ ಕಾಲಿಗೆ ಅಪ್ಪಣೆ ಕೊಟ್ಟಾಗಿದೆ. ಉಳಿದ ವ್ಯತ್ಯಾಸವೆಲ್ಲ ದಾರಿಯ ಉತ್ತರಾರ್ಧದಲ್ಲಿ ಬಯಲಾಗುತ್ತದೆ. ಚೆಂಡು ಬಾಗುವುದು ನಿಜ. ತಟ್ಟನೆ ಬಾಗಿದಂತೆ ತೋರುವುದು ನಮ್ಮ ನಿರೀಕ್ಷೆ ಮುರಿದುದರ ಫಲ. ಮೇಷ್ಟ್ರು ಕಣ್ಣು ಮೋಸಹೋಯಿತೆಂದುದರಲ್ಲಿಯೂ ಅರ್ಧ ಸತ್ಯವಿತ್ತು; ನಾನು ಧುಮುಕಿತೆಂದುದರಲ್ಲಿಯೂ ಅರ್ಧ ಸತ್ಯವಿತ್ತು.

6. ಈ ಲೆಕ್ಕವನ್ನು ಎಷ್ಟು ನಂಬಬಹುದು?

ಅಂಕಿಗಳನ್ನು ಕಂಡೊಡನೆ ತಲೆಬಾಗುವುದು ಒಳ್ಳೆಯ ಅಭ್ಯಾಸವಲ್ಲ. ಆದುದರಿಂದ ನನ್ನ ಲೆಕ್ಕವನ್ನು ನಾನೇ ಮೂರು ವಿಧದಲ್ಲಿ ಪರೀಕ್ಷಿಸಿದೆ.

ಮೊದಲನೆಯದಾಗಿ, ತಡೆ, ಬಾಗುಗಳೆರಡನ್ನೂ ಸೊನ್ನೆ ಮಾಡಿ ನೋಡಿದೆ. ಆಗ ಹೆಜ್ಜೆಯ ಲೆಕ್ಕ ಪರವಲಯದ ಸೂತ್ರಕ್ಕೆ ಸರಿಯಾಗಿ ಹೊಂದಬೇಕು, ಹೊಂದಿತು. ಎರಡನೆಯದಾಗಿ, ಹೆಜ್ಜೆಯ ಅಳತೆಯನ್ನು ಬದಲಾಯಿಸಿದೆ. 0.2 ಸೆಕೆಂಡಿನ ದೊಡ್ಡ ಹೆಜ್ಜೆ ಇಟ್ಟಾಗ ತಿರುಗುವ ಚೆಂಡು 13.86 ಮೀಟರಿನಲ್ಲಿ ಬಿತ್ತು, 0.1ರ ಹೆಜ್ಜೆಯಲ್ಲಿ 13.91. ವ್ಯತ್ಯಾಸ ಐದು ಸೆಂಟಿಮೀಟರು. ನಾವು ಹುಡುಕುತ್ತಿರುವ 80 ಸೆಂಟಿಮೀಟರಿನ ಮುಂದೆ ಇದು ಅಲ್ಪ. ಹೆಜ್ಜೆಯನ್ನು ಕಿರಿದು ಮಾಡಿದಾಗ ಉತ್ತರ ಅಲುಗಾಡುತ್ತಲೇ ಇದ್ದರೆ ಲೆಕ್ಕವನ್ನು ನಂಬಬಾರದು, ನಿಂತರೆ ನಂಬಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಬಾಗಿನ ಗುಣಾಂಕ 0.2 ಎಂಬುದನ್ನು ನಾನು ಕೊಟ್ಟದ್ದು, ಲೆಕ್ಕ ಕಂಡುಹಿಡಿದದ್ದಲ್ಲ. ಅದನ್ನು 0.1 ಮಾಡಿದರೆ ಅಂತರಗಳೆಲ್ಲ ಸುಮಾರಾಗಿ ಅರ್ಧವಾಗುತ್ತವೆ. ಚೆಂಡಿನ ತಿರುಗುವಿಕೆ ಕಡಿಮೆಯಾದರೂ, ಅದರ ಅಕ್ಷ ಓರೆಯಾದರೂ ಹೀಗೆ ಆಗುವುದು ಸಹಜ. ಆಫ್‌ಸ್ಪಿನ್, ಲೆಗ್‌ಸ್ಪಿನ್ ಚೆಂಡುಗಳಲ್ಲಿ ತಿರುಗುವಿಕೆಯ ಒಂದು ಭಾಗ ಮಾತ್ರ ಕೆಳಕ್ಕೆ ನೂಕುತ್ತದೆ. ಇನ್ನೊಂದು ಭಾಗ ಚೆಂಡನ್ನು ಗಾಳಿಯಲ್ಲಿ ಪಕ್ಕಕ್ಕೆ ತೇಲಿಸುತ್ತದೆ. ಈಗ ನಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲಿನ ಲೆಕ್ಕದ ಹಾಳೆಗೆ ಈ ನಿಯಮವನ್ನು ಒಪ್ಪಿಸಿದರೆ ಅದು ಏಳಲ್ಲ, ಏಳು ಸಾವಿರ ಹೆಜ್ಜೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಇಡುತ್ತದೆ. ಆದರೆ ತಪ್ಪು ಗುಣಾಂಕವನ್ನು ಕೊಟ್ಟರೆ ಏಳು ಸಾವಿರ ಹೆಜ್ಜೆಗಳೂ ತಪ್ಪು ದಾರಿಯಲ್ಲಿಯೇ! ಯಂತ್ರ ವೇಗವನ್ನು ಕೊಟ್ಟೀತು, ವಿವೇಕವನ್ನು ಕೊಡಲಾರದು.

ಲೆಕ್ಕ ಒಮ್ಮೆ ಕೈಗೆ ಹತ್ತಿದ ಮೇಲೆ ಬೇರೆ ಪ್ರಶ್ನೆಗಳನ್ನೂ ಕೇಳಬಹುದು. ಮಂಗಳೂರಿನಂಥ ಕಡಲತೀರದಲ್ಲಿ ಗಾಳಿ ಇಲ್ಲಿಗಿಂತ ಸುಮಾರು ಹತ್ತರಲ್ಲೊಂದು ಪಾಲು ದಟ್ಟ. ಅಲ್ಲಿ 0.7 ಸೆಕೆಂಡಿಗೆ 24.8 ಸೆಂಟಿಮೀಟರಿನ ಅಂತರ 27 ಅಥವಾ 28 ಆದೀತು. ಊರಿನ ಬಯಲಿನಲ್ಲಿ ನಾವು ಸಾಮಾನ್ಯವಾಗಿ ಆಡುವ ಟೆನ್ನಿಸ್ ಚೆಂಡು ಸುಮಾರು 58 ಗ್ರಾಂ ಮಾತ್ರ ತೂಗುತ್ತದೆ. ಗಾತ್ರದಲ್ಲಿ ಹೆಚ್ಚು ಚಿಕ್ಕದಲ್ಲ. ಆದುದರಿಂದ ಗುಣಾಂಕಗಳು ಸಮನಾಗಿದ್ದರೆ ಅದರ ಮೇಲೆ ಗಾಳಿಯ ಪ್ರಭಾವ ಎರಡೂಕಾಲು ಪಟ್ಟಿಗೂ ಹೆಚ್ಚು. ಟೆನ್ನಿಸ್ ಚೆಂಡಿನಲ್ಲಿ ಚಿಕ್ಕ ಹುಡುಗರೂ ದೊಡ್ಡ ಬೌಲರರಂತೆ ಮೆರೆಯುವುದರ ಗುಟ್ಟು ಇದೇ ಇರಬೇಕು.

7. ನಮ್ಮ ನಾಡಿನ ಬೌಲರರು

ಈ ವಿದ್ಯೆಯನ್ನು ಸೂತ್ರವಿಲ್ಲದೆ ಬೆರಳಿನಲ್ಲಿಯೇ ಸಾಧಿಸಿದವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಎರಪಳ್ಳಿ ಪ್ರಸನ್ನರು ಚೆಂಡನ್ನು ತೇಲಿಸಿ ಬ್ಯಾಟ್ಸ್‌ಮನ್ನನನ್ನು ಮುಂದಕ್ಕೆ ಕರೆದು ಕೆಡಹುವುದರಲ್ಲಿ ನಿಸ್ಸೀಮರು. 1962ರಲ್ಲಿ ಟೆಸ್ಟ್ ಆಟಕ್ಕೆ ಬಂದ ಅವರು ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ ದೂರವಾಗಿದ್ದು 1967ರಲ್ಲಿ ಮರಳಿದರು. 49 ಟೆಸ್ಟುಗಳಲ್ಲಿ 189 ವಿಕೆಟ್ಟುಗಳನ್ನು ಪಡೆದರು. ಪೋಲಿಯೋ ರೋಗದಿಂದ ಕೃಶವಾದ ಬಲಗೈಯಿಂದಲೇ ಬೌಲ್ ಮಾಡಿದ ಭಾಗವತ ಚಂದ್ರಶೇಖರರು 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ಟುಗಳನ್ನು ಕಿತ್ತು, ಇಂಗ್ಲೆಂಡಿನಲ್ಲಿ ಭಾರತದ ಮೊದಲ ಸರಣಿ ವಿಜಯಕ್ಕೆ ಕಾರಣರಾದರು. ಅನಿಲ್ ಕುಂಬ್ಳೆಯವರು 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದು ಇನಿಂಗ್ಸಿನ ಹತ್ತು ವಿಕೆಟ್ಟುಗಳನ್ನೂ 74 ಓಟಗಳಿಗೆ ಪಡೆದುದನ್ನು ಯಾರು ಮರೆತಾರು? ಅವರೂ ಎಂಜಿನಿಯರಿಂಗ್ ಪದವೀಧರರೇ.

ನಮ್ಮ ಜಿಲ್ಲೆಯ ಜಾವಗಲ್ಲನ್ನು ಹೆಸರಿನಲ್ಲಿಯೇ ಹೊತ್ತ ಶ್ರೀನಾಥರ ವಿದ್ಯೆ ಬೇರೆಯದು. ವೇಗದ ಬೌಲರು ಚೆಂಡನ್ನು ಗಾಳಿಯಲ್ಲಿ ಬಾಗಿಸುವುದು ಹೊಲಿಗೆಯ ಓರೆಯಿಂದಲೂ ಚೆಂಡಿನ ಒಂದು ಮಗ್ಗುಲಿನ ನಯದಿಂದಲೂ. ಅದರ ಲೆಕ್ಕಕ್ಕೆ ಬೇರೊಂದು ಲೇಖನವೇ ಬೇಕು.

8. ಮತ್ತೆ ಅರಳಿಕಟ್ಟೆಗೆ

ದಸರೆಯ ರಜೆಗೆ ಊರಿಗೆ ಹೋದಾಗ ಪಟ್ಟಿಯನ್ನು ಮೇಷ್ಟರ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ನೋಡಿದರು; ಎರಡು ಕಡೆ ಗುಣಾಕಾರವನ್ನು ತಾವೇ ಮಾಡಿ ಸರಿಯೆಂದರು. ಬಳಿಕ, "ಕಾಗದದ ಮೇಲೆ ಧುಮುಕಿದ್ದಾಯ್ತು. ಆ 0.2 ಎಲ್ಲಿಂದ ತಂದೆ? ಕಣ್ಣಿಗೆ ತೋರಿಸು" ಎಂದರು. ಲೆಕ್ಕದ ದುರ್ಬಲವಾದ ಜಾಗವನ್ನೇ ಅವರು ಹಿಡಿದಿದ್ದರು. ಗಾಳಿಸುರಂಗ ನನ್ನಲ್ಲಿರಲಿಲ್ಲ; ನೋಟುಪುಸ್ತಕದ ಹಾಳೆ ಇತ್ತು. ಅವರ ಮನೆಯ ಮೇಜಿನ ಮೇಲೆಯೇ ಕಾಗದದ ಕೊಳವೆಯನ್ನು ಉರುಳಬಿಟ್ಟೆ. ಅದು ಬಾಗಿ ಮೇಜಿನ ಅಡಿಗೆ ಹೋಯಿತು. ಮೇಷ್ಟ್ರು ಮಾತಾಡದೆ ಬಗ್ಗಿ ಅದನ್ನು ತೆಗೆದುಕೊಂಡು, ತಾವೇ ನಾಲ್ಕು ಸಲ ಉರುಳಿಸಿ ನೋಡಿದರು. "ಗಾಳೀನ ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ ಕಣಪ್ಪ. ಆದ್ರೂ ನೀನು ಕ್ರೀಸು ಬಿಡೋ ಮುಂಚೆ ಅವನ ಕೈ ನೋಡಬೇಕಾಗಿತ್ತು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಿರುಗಿಸುವ ಬೆರಳನ್ನು ಮೊದಲ ಗಳಿಗೆಯಲ್ಲಿಯೇ ಕಂಡಿದ್ದರೆ ಆ 80 ಸೆಂಟಿಮೀಟರನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬಹುದಾಗಿತ್ತಷ್ಟೆ!

ನಮ್ಮ ಕಾಲೇಜಿನ ಕ್ರೀಡಾ ವಿಭಾಗದವರೂ ಭೌತವಿಜ್ಞಾನವನ್ನು ಬಲ್ಲ ಅಧ್ಯಾಪಕರೂ ಒಮ್ಮೆ ಕೂಡಿ ಮೈದಾನಕ್ಕೆ ಇಳಿದರೆ ಚೆನ್ನಾಗಿತ್ತು. ಎತ್ತರದ ಗುರುತು ಹಾಕಿದ ಎರಡು ಗಳುಗಳು, ಒಂದು ಅಳತೆಯ ಟೇಪು, ನಿಧಾನಗತಿಯ ಚಿತ್ರ ತೆಗೆಯುವ ಒಂದು ಮೊಬೈಲು, ಅರ್ಧ ಬಿಳಿ ಅರ್ಧ ಕೆಂಪು ಬಳಿದ ಒಂದು ಚೆಂಡು ಇಷ್ಟಿದ್ದರೆ ಸುತ್ತುಗಳನ್ನೂ ಎಣಿಸಬಹುದು, ಚೆಂಡಿನ ದಾರಿಯನ್ನೂ ಅಳೆಯಬಹುದು. ಆಗ 0.2 ಎಂಬ ಎರವಲು ಅಂಕಿಯ ಜಾಗದಲ್ಲಿ ನಮ್ಮದೇ ಆದ ಒಂದು ಅಂಕಿ ಬಂದು ಕುಳಿತೀತು. ಮುಂದಿನ ವರ್ಷದ ಸಂಚಿಕೆಯಲ್ಲಿ ಅದನ್ನು ಬೇರೊಬ್ಬ ಸಹಪಾಠಿ ಬರೆದರೆ, ನನ್ನ ಈ ಲೆಕ್ಕ ತಪ್ಪೆಂದು ಸಿದ್ಧವಾದರೂ, ನಾನು ಸಂತೋಷದಿಂದ ಓದುತ್ತೇನೆ.